ಸವುಳು ನೀರಿನ ತೊಟ್ಟಿ ಕದಡುವುದೇಕೆ?

ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಅಳಿವೆಯ ನೀರನ್ನು ಸವುಳು ನೀರೆನ್ನುತ್ತೇವೆ. ಕರಿಮೀನು ಮೊದಲಾದ ಅಳಿವೆಯ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಬೇಕಾದರೆ ಇಂಥ ನೀರನ್ನೇ ಸಿದ್ಧಗೊಳಿಸಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಈ ತೊಟ್ಟಿಗೆ 10 ಗ್ರಾಂನಷ್ಟಾದರೆ ಸಾಕು. ಆದರೆ ಮೀನು ಬಿಟ್ಟ ಕೆಲವೇ ದಿನಗಳಲ್ಲಿ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗುವುದುಂಟು. ಆಗ ನೀರನ್ನೆಲ್ಲ ಚೆಲ್ಲಿ, ಮರಳನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಲು ನಮಗೆ ಮನಸ್ಸಾಗುವುದು ಸಹಜ. ಈ ಶುಚಿತ್ವವೇ ಮೀನಿಗೆ ಮೃತ್ಯುವಾಗಬಹುದು. ಅದು ಹೇಗೆಂಬುದನ್ನು ವಿಚಾರ ಮಾಡೋಣ.

ಕದಡಿಗೆ ಮೊದಲ ಕಾರಣ ಮಣ್ಣು. ಚೆನ್ನಾಗಿ ತೊಳೆಯದ ಮರಳಿನಲ್ಲಿ ಜೇಡಿಮಣ್ಣಿನ ಅತಿ ಸೂಕ್ಷ್ಮ ಕಣಗಳಿರುತ್ತವೆ. ಇವು ಋಣ ವಿದ್ಯುದಂಶವುಳ್ಳವು. ಒಂದನ್ನೊಂದು ದೂರ ತಳ್ಳುತ್ತ ಸಿಹಿನೀರಿನಲ್ಲಿ ಬಹುಕಾಲ ತೇಲುತ್ತವೆ. ಲವಣ ಕರಗಿದ ನೀರಿನಲ್ಲಾದರೋ ಸೋಡಿಯಂ, ಮೆಗ್ನೀಸಿಯಂಗಳ ಧನ ಅಯಾನುಗಳು ಈ ವಿದ್ಯುದಂಶದ ಪ್ರಭಾವವನ್ನು ಕುಗ್ಗಿಸುವುದರಿಂದ ಕಣಗಳು ಗರಣೆಗಟ್ಟಿ ತಳಕ್ಕಿಳಿಯುತ್ತವೆ. ಮಳೆಗಾಲದಲ್ಲಿ ನದಿಗಳು ಹೊತ್ತು ತರುವ ಮಣ್ಣು ಅಳಿವೆಯಲ್ಲಿ ಕೆಸರಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎರಡು ಗಾಜಿನ ಲೋಟಗಳಲ್ಲಿ ಜೇಡಿಮಣ್ಣನ್ನು ಕದಡಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪನ್ನು ಹಾಕಿ ಅಲುಗದಂತೆ ಇಟ್ಟು ನೋಡಿದರೆ ವಾಚಕರಿಗೆ ಈ ವ್ಯತ್ಯಾಸ ಮನದಟ್ಟಾಗುತ್ತದೆ.

ಆದುದರಿಂದ ಸವುಳು ತೊಟ್ಟಿಯಲ್ಲಿ ದಿನಗಳು ಕಳೆದರೂ ಇಳಿಯದ ಬಿಳಿಯ ಕದಡು ಸಾಮಾನ್ಯವಾಗಿ ಮಣ್ಣಿನದಲ್ಲ, ಜೀವಿಗಳದು. ಮೀನು ತಿನ್ನದೆ ಬಿಟ್ಟ ಆಹಾರ ಕೊಳೆಯುವಾಗ ಅದನ್ನುಂಡು ಬ್ಯಾಕ್ಟೀರಿಯಗಳು ನೀರಿನಲ್ಲಿ ಅಸಂಖ್ಯವಾಗಿ ಹೆಚ್ಚುತ್ತವೆ. ನೀರು ಹಸಿರಾಗಿದ್ದರೆ ಮಾತ್ರ ಅದು ಸೂಕ್ಷ್ಮ ಪಾಚಿಯ ಕೆಲಸ. ಬೆಳಕನ್ನು ಕಡಮೆ ಮಾಡಬೇಕು.

ಬ್ಯಾಕ್ಟೀರಿಯಗಳಲ್ಲಿ ನಮಗೆ ಬೇಕಾದವೂ ಉಂಟು. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಸವುಳು ನೀರಿನ ಕ್ಷಾರಗುಣದಿಂದ ಆ ವಿಷ ಇನ್ನೂ ತೀಕ್ಷ್ಣವಾಗುತ್ತದೆ. ಮರಳಿಗೂ ಶೋಧಕಕ್ಕೂ ಅಂಟಿಕೊಂಡು ಬಾಳುವ ಕೆಲವು ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟೊಂದು ಹಾನಿಕರವಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇಂಥ ಬ್ಯಾಕ್ಟೀರಿಯಗಳನ್ನು 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ. ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಮರಳನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದಾಗ ನಾಶವಾಗುವುವು ಇವೇ. ಮರುದಿನದಿಂದಲೇ ಅಮೋನಿಯಾ ಶೇಖರವಾಗತೊಡಗುತ್ತದೆ. ನೀರು ನಿರ್ಮಲವಾಗಿ ಕಂಡರೂ ಮೀನು ಸಾಯುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದೆರಡು ದಿನ ಆಹಾರ ನಿಲ್ಲಿಸಿ, ಉಳಿದುದನ್ನು ತೆಗೆದುಹಾಕಬೇಕು. ಹೆಚ್ಚಿದ ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ನೀರಿಗೆ ಗಾಳಿಯನ್ನು ಊದಬೇಕು. ನೀರಿನ ನಾಲ್ಕನೆಯ ಒಂದು ಭಾಗವನ್ನು ಮಾತ್ರ ತೆಗೆದು, ಅಷ್ಟೇ ಲವಣವುಳ್ಳ, ಕ್ಲೋರಿನ್ ಕಳೆದ ನೀರನ್ನು ತುಂಬಬೇಕು. ಆವಿಯಾಗಿ ಹೋದ ನೀರಿಗೆ ಬದಲಾಗಿ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಲವಣ ಆವಿಯಾಗುವುದಿಲ್ಲ. ಶೋಧಕವನ್ನು ತೊಳೆಯಲೇಬೇಕಾದರೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ತೆಗೆದರೆ ಸಾಕು. ಇಷ್ಟು ಮಾಡಿ ಕೆಲವು ದಿನ ತಾಳ್ಮೆಯಿಂದ ಕಾದರೆ, ಆಹಾರ ಸಿಗದ ಬ್ಯಾಕ್ಟೀರಿಯಗಳು ತಾವಾಗಿ ಕುಗ್ಗಿ ನೀರು ತಿಳಿಯಾಗುತ್ತದೆ.