ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ

ತೋಟ ಬಿಟ್ಟು ಎರಡು ರಾತ್ರಿ ಹೊರಗೆ ಮಲಗಿದ್ದು ಯಾವಾಗ ಎಂದು ನಮ್ಮ ಸಂಘದ ಸದಸ್ಯರನ್ನು ಕೇಳಿದರೆ, ಹೆಚ್ಚಿನವರು ಯಾವುದೋ ಮದುವೆಯನ್ನೋ ಆಸ್ಪತ್ರೆಯನ್ನೋ ನೆನಪಿಸಿಕೊಳ್ಳುತ್ತಾರೆ. ಸುಮ್ಮನೆ, ಮನೆಮಂದಿಯೆಲ್ಲ ಸೇರಿ, ನೀರಿನ ದಂಡೆಯಲ್ಲಿ ಕುಳಿತು ಬರೋಣ ಎಂದು ಹೊರಟವರು ಕಡಿಮೆ. ನಾವೂ ಹಾಗೆಯೇ ಇದ್ದೆವು. ನಮ್ಮನ್ನು ಹೊರಡಿಸಿದವರು ನಮ್ಮ ತಾಯಿಯವರು.

ಅವರ ತವರು ಭದ್ರಾ ಜಲಾಶಯದ ಮುಳುಗಡೆಯಲ್ಲಿ ಹೋಯಿತು. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಪೂರ್ಣಗೊಂಡಾಗ ಅವರಿನ್ನೂ ಹುಡುಗಿ. ಮನೆಯ ಹೆಂಚು ಇಳಿಸಿ ಗಾಡಿಗೆ ತುಂಬಿದ್ದು, ಫಸಲಿಗೆ ಬಂದಿದ್ದ ಅಡಿಕೆ ತೋಟವನ್ನು ಹಾಗೆಯೇ ಬಿಟ್ಟು ಬಂದದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ. ಆದರೆ ಆ ನೀರನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಎಂಬತ್ತರ ಹತ್ತಿರ, ಮಂಡಿನೋವು ಬೇರೆ. “ನನ್ನ ಉಸಿರಿರೋದ್ರೊಳಗೆ ಒಂದ್ಸಲ ಆ ನೀರು ತೋರ್ಸಿಬಿಡ್ರೋ ಮಾರಾಯ” ಎಂದು ಕೇಳುತ್ತಲೇ ಇದ್ದರು. ನಮ್ಮ ಉತ್ತರವೂ ಒಂದೇ: “ಕೊಯ್ಲು ಮುಗೀಲಿ ಅಮ್ಮ.”

ಕೊಯ್ಲು ಎಲ್ಲಿ ಮುಗಿಯುತ್ತದೆ?

ಎರಡು ಸಲ ತಪ್ಪಿದ್ದು

ಮೊದಲ ವರ್ಷ ದಿನ ಗೊತ್ತು ಮಾಡಿ, ಕೋಣೆಗೆ ಮುಂಗಡವನ್ನೂ ಕಟ್ಟಿದೆವು. ಆ ವಾರವೇ ಆಳುಗಳು ಬಾರದೆ ರೋಬಸ್ಟಾ ಗಿಡದಲ್ಲೇ ಒಣಗತೊಡಗಿತು. ಪ್ರವಾಸ ನಿಂತಿತು. ಎರಡನೆಯ ವರ್ಷ ಮಾರ್ಚ್ ಕೊನೆಯ ವಾರವೆಂದು ನಿಶ್ಚಯಿಸಿದೆವು. ಹೊರಡುವ ಹಿಂದಿನ ರಾತ್ರಿ ಗುಡುಗಿ ಹೂಮಳೆ ಸುರಿಯಿತು. ಕಣದ ಮೇಲಿದ್ದ ಚೆರ್ರಿ ನೆನೆಯಿತು. ಬೆಳಗಾಗುವವರೆಗೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ನಿಂತೆವು. ಹೂಮಳೆ ಬಂತೆಂದು ಸಂತೋಷ ಪಡಬೇಕೋ, ಅಮ್ಮನ ಮುಖ ನೋಡಿ ಸಂಕಟ ಪಡಬೇಕೋ ತಿಳಿಯಲಿಲ್ಲ. ಅವರೇ “ಹೋಗ್ಲಿ ಬಿಡು, ಹೂ ಬಂತಲ್ಲ” ಎಂದರು.

ಆಗ ನಮಗೆ ತಿಳಿದದ್ದು ಇಷ್ಟು: ಪೇಟೆಯವರು ರಜೆ ನೋಡಿಕೊಂಡು ಹೊರಡುತ್ತಾರೆ, ನಾವು ತೋಟ ನೋಡಿಕೊಂಡು ಹೊರಡಬೇಕು. ಮನಸ್ಸಿಗೆ ಬಂದಾಗ ಹೊರಡುತ್ತೇವೆಂದರೆ ನಮ್ಮ ಕಸುಬಿನಲ್ಲಿ ಆಗದು.

ವರ್ಷದಲ್ಲಿ ಎರಡೇ ಬಿಡುವು

ಕ್ಯಾಲೆಂಡರ್ ಬಿಡಿಸಿಕೊಂಡು ಕುಳಿತು ಲೆಕ್ಕ ಹಾಕಿದೆವು. ನಮ್ಮ ಮಲೆನಾಡಿನಲ್ಲಿ ಆಗಸ್ಟ್‌ನಿಂದ ಜನವರಿವರೆಗೆ ಅಡಿಕೆ ಕೊನೆ, ಸುಲಿಯುವುದು, ಬೇಯಿಸುವುದು. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಆಮೇಲೆ ರೋಬಸ್ಟಾ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆಯ ಕಾತರ. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಹೂ, ಆಮೇಲೆ ಕಾಯಿ ನಿಲ್ಲಲು ಮತ್ತೊಂದು ಮಳೆಯ ಚಿಂತೆ. ಮೇ ಕೊನೆಗೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ. ಜೂನ್ ಬಂದರೆ ಮಳೆ ಮತ್ತು ಜಿಗಣೆ.

ಇದರ ನಡುವೆ ಸಿಗುವುದು ಎರಡು ಕಿಂಡಿ. ಒಂದು, ರೋಬಸ್ಟಾ ಕೊಯ್ಲು ಮುಗಿದು ಹೂಮಳೆ ಬರುವುದರೊಳಗೆ, ಅಂದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುಭಾಗ. ಸ್ಪ್ರಿಂಕ್ಲರ್ ಇಟ್ಟು ಹೂ ಬಿಡಿಸುವವರಿಗೆ ಇದು ಇನ್ನೂ ಇಕ್ಕಟ್ಟು. ಇನ್ನೊಂದು, ಮಳೆ ಇಳಿದು ಅರೇಬಿಕಾ ಹಣ್ಣಾಗುವ ಮುನ್ನ, ನವರಾತ್ರಿಯ ಆಸುಪಾಸು. ಅಡಿಕೆಯ ಒಂದು ಕೊನೆಗೂ ಮುಂದಿನದಕ್ಕೂ ನಡುವೆ.

ಜಲಾಶಯದ ಮುಖವೂ ಈ ಎರಡು ಕಾಲಗಳಲ್ಲಿ ಬೇರೆಬೇರೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ; ಹಿಡಿಯುವುದು 71 ಟಿ.ಎಂ.ಸಿ.ಗೂ ಮಿಕ್ಕಿ. ಒಳ್ಳೆಯ ಮಳೆಯಾದ ವರ್ಷ ನವರಾತ್ರಿಯ ಹೊತ್ತಿಗೆ ಗುಡ್ಡಗಳ ಬುಡದವರೆಗೆ ತುಂಬಿ ನಿಲ್ಲುತ್ತದೆ, ಕಾಡೆಲ್ಲ ಹಸಿರು. ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಬಿಟ್ಟಂತೆ ಮಟ್ಟ ಇಳಿದು ದಿಬ್ಬಗಳು ತಲೆಯೆತ್ತುತ್ತವೆ. ಆ ಬೋಳು ನಡುಗಡ್ಡೆಗಳಿಗೆ ರಿವರ್ ಟರ್ನ್ ಎಂಬ ಹಕ್ಕಿಗಳು, ಕನ್ನಡದಲ್ಲಿ ರೀವಗಳು, ದೊಡ್ಡ ಸಂಖ್ಯೆಯಲ್ಲಿ ಬಂದು ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕರಿ ನೆತ್ತಿ, ಕವಲು ಬಾಲ. ಗೂಡು ಕಟ್ಟುವ ಗೋಜಿಲ್ಲ. ಕಲ್ಲು-ಮಣ್ಣಿನ ಮೇಲೇ ಮೊಟ್ಟೆ. ನಾವು ಹತ್ತಿರ ಹೋಗಿ ತಾಯಿಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೆಂದು ಹೋಗುತ್ತದೆ. ದೂರದಿಂದಲೇ ನೋಡಬೇಕು.

ಅಮ್ಮನಿಗೆ ಬೇಕಾದದ್ದು ನೀರು ಇಳಿದ ಕಾಲ. ಆದ್ದರಿಂದ ಫೆಬ್ರವರಿ ಕೊನೆಯ ವಾರವನ್ನೇ ಆರಿಸಿದೆವು.

ತೋಟ ಕಾಯುವವರು ಯಾರು?

ಪ್ರವಾಸದ ಅರ್ಧ ಸಿದ್ಧತೆ ಇದೇ. ನಮ್ಮ ಹಿರಿಯರು ಕೆಲಸಕ್ಕೆ ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ನಾವು ಪಕ್ಕದ ತೋಟದವರೊಂದಿಗೆ ಬಿಡುವಿಗೇ ಮುಯ್ಯಿ ಮಾಡಿಕೊಂಡೆವು. ಎರಡು ದಿನ ಅವರು ನಮ್ಮ ಕಣ ನೋಡಬೇಕು, ಹಸುವಿನ ಹಾಲು ಕರೆಯಬೇಕು, ಅಡಿಕೆಗೆ ಸರದಿಯ ನೀರು ಬಿಡಬೇಕು. ಅವರು ಹೊರಟಾಗ ನಾವು ಅಷ್ಟನ್ನೂ ಮಾಡಬೇಕು. ಹೊರಡುವ ಮುನ್ನ ಮೋಟಾರಿನ ಸ್ವಿಚ್ಚು, ಟಾರ್ಪಾಲಿನ ಜಾಗ, ಪಶುವೈದ್ಯರ ಫೋನ್ ಸಂಖ್ಯೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಈ ಒಂದು ಹಾಳೆ ನಮಗೆ ಕೊಟ್ಟ ನಿದ್ದೆಯನ್ನು ಯಾವ ಕಾಟೇಜೂ ಕೊಡಲಾರದು.

ಎಲ್ಲಿ ತಂಗುವುದು?

ನಮ್ಮ ಹುಡುಗರಿಗೆ ಡೇರೆ ಹಾಕುವ ಆಸೆ. ಆದರೆ ಹಿನ್ನೀರಿನ ಸುತ್ತಲ ಬಹುಭಾಗ ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. ಅಲ್ಲಿ ಕಂಡಲ್ಲಿ ಡೇರೆ ಹೂಡುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಗಾಳ ಹಾಕುವಂತಿಲ್ಲ. ಫೆಬ್ರವರಿ-ಮಾರ್ಚ್ ಕಾಡ್ಗಿಚ್ಚಿನ ಕಾಲ. ಆನೆಯಂತೂ ನಮಗೆಲ್ಲ ಗೊತ್ತಿರುವುದೇ. ಲಕ್ಕವಳ್ಳಿಯಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಕಾಟೇಜುಗಳು ನೀರಿನ ಮೇಲ್ಗಡೆಯ ದಿಬ್ಬದಲ್ಲಿವೆ. ಆ ತಂಗುದಾಣಕ್ಕೆ ರೀವದ ಇಂಗ್ಲಿಷ್ ಹೆಸರನ್ನೇ ಇಟ್ಟಿದ್ದಾರೆ. ಊಟ, ದೋಣಿ, ಕಾಡಿನ ಸುತ್ತಾಟ ಎಲ್ಲ ಸೇರಿಸಿಯೇ ದರ ಹೇಳುತ್ತಾರೆ. ಸಣ್ಣ ಹಿಡುವಳಿಯವರಿಗೆ ಭಾರವೇ. ನಾವು ಒಂದೇ ರಾತ್ರಿ ಅಲ್ಲಿ ತಂಗಿ, ಇನ್ನೊಂದು ರಾತ್ರಿ ನರಸಿಂಹರಾಜಪುರದ ನೆಂಟರ ಮನೆಯಲ್ಲಿ ಉಳಿದೆವು. ಅಲ್ಲಿಂದಲೂ ಹಿನ್ನೀರು ದೂರವಿಲ್ಲ. ಹಳ್ಳದ ದಂಡೆ ಸಾಕು ಎನ್ನುವವರಿಗೆ ಚಿಕ್ಕಮಗಳೂರು ಕಡೆಯ ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ಶಿಬಿರವಿದೆ. ಎಲ್ಲಿಗಾದರೂ ಮೊದಲೇ ಕಾದಿರಿಸಬೇಕು. ವಯಸ್ಸಾದವರಿದ್ದರೆ ಮೆಟ್ಟಿಲು ಕಡಿಮೆ ಇರುವ ಕೋಣೆ ಬೇಕೆಂದು ಆಗಲೇ ಹೇಳಬೇಕು.

ಸಾಮಾನು ಹೆಚ್ಚಿಲ್ಲ. ಟಾರ್ಚು, ಅಮ್ಮನ ಮಾತ್ರೆ, ಕಂಬಳಿ, ಬುತ್ತಿಗೆ ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ ನಮ್ಮ ಭಾಗಕ್ಕೆ ಹೊಸದಲ್ಲ. ತೋಳು-ಕಾಲು ಮುಚ್ಚುವ ಬಟ್ಟೆ ತೊಡಿ, ತರಗೆಲೆಯ ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಯಲ್ಲಿ ಉಣುಗು ಇದೆಯೇ ನೋಡಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ನೀರಿನ ಮೇಲೆ

ಸಂಜೆ ದೋಣಿ ಹೊರಟಿತು. ತೇಲುವ ಅಂಗಿ ತೊಡಲು ಅಮ್ಮ ನಾಚಿಕೊಂಡರು. ಮೊಮ್ಮಗಳು ತಾನೇ ಮೊದಲು ತೊಟ್ಟು ತೋರಿಸಿದಳು. ನೀರಿನ ನಡುವೆ ಒಣಮರಗಳ ಬೊಡ್ಡೆ ನಿಂತಿದ್ದವು, ಒಂದೊಂದರ ಮೇಲೆ ಒಂದೊಂದು ನೀರುಕಾಗೆ. ಆಗಷ್ಟೇ ತಲೆಯೆತ್ತಿದ್ದ ದಿಬ್ಬದ ಮೇಲೆ ರೀವಗಳ ಗಲಾಟೆ. ಹುಡುಗರು ಅದರಲ್ಲೇ ಮುಳುಗಿದ್ದರು.

ಅಮ್ಮ ಮಾತ್ರ ಗುಡ್ಡಗಳ ಸಾಲನ್ನೇ ನೋಡುತ್ತಿದ್ದರು. ನೀರು ನಾವು ಎಣಿಸಿದಷ್ಟು ಇಳಿದಿರಲಿಲ್ಲ. ಅವರ ಊರು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಕೊನೆಗೆ ಒಂದು ಗುಡ್ಡದ ತುದಿಗೆ ಬೆರಳು ಮಾಡಿ, “ಅದರ ನೆರಳು ನಮ್ಮ ಅಂಗಳಕ್ಕೆ ಬಿದ್ದ ಮೇಲೆ ಅಪ್ಪಯ್ಯ ತೋಟದಿಂದ ಬರೋರು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಈ ನೀರು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದರು. ದಾವಣಗೆರೆ ಕಡೆಯ ಗದ್ದೆಗಳಿಗೆ, ಚನ್ನಗಿರಿ ಸೀಮೆಯ ಅಡಿಕೆ ತೋಟಗಳಿಗೆ ಎಂದೆವು. “ಅಡಿಕೆಗಾ? ಹಾಗಾದ್ರೆ ಸರಿ” ಎಂದು ಕೈಯೊಡ್ಡಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮಿಂದ ಮಾತು ಹೊರಡಲಿಲ್ಲ.

ಮರಳಿ ಬಂದಾಗ ಕಣದ ಚೆರ್ರಿ ಬೆಚ್ಚಗೆ ಟಾರ್ಪಾಲಿನ ಕೆಳಗಿತ್ತು. ಅಡಿಕೆಗೆ ನೀರು ಬಿದ್ದಿತ್ತು. ಎರಡು ದಿನದಲ್ಲಿ ತೋಟಕ್ಕೆ ಏನೂ ಆಗಿರಲಿಲ್ಲ. ನಾವಿಲ್ಲದಿದ್ದರೆ ನಡೆಯದು ಎಂದುಕೊಂಡಿದ್ದೆವಲ್ಲ, ಆ ಅಹಂಕಾರ ಮಾತ್ರ ಸ್ವಲ್ಪ ಇಳಿಯಿತು.

ದೂರ ಹೋಗಲಾಗದವರಿಗೂ ದಾರಿಯುಂಟು. ಹೂಮಳೆಯಿಂದ ಪ್ರವಾಸ ತಪ್ಪಿದ ವರ್ಷ ನಮ್ಮ ಹುಡುಗರು ಮನೆಯ ಹತ್ತಿರದ ತೋಟದ ಕೆರೆ ಏರಿಯ ಮೇಲೆ ಟಾರ್ಪಾಲು ಕಟ್ಟಿ ಮಲಗಿದ್ದರು. ಅತ್ತ ಆನೆ ಬಂದಿಲ್ಲವೆಂದು ಖಚಿತ ಮಾಡಿಕೊಂಡು ನಾವೂ ಜೊತೆಗಿದ್ದೆವು. ಕಪ್ಪೆಗಳ ಸದ್ದು ಕೇಳುತ್ತ ಕಾಫಿ ಕುಡಿದ ಆ ರಾತ್ರಿಯನ್ನು ಅವರು ಈಗಲೂ ನೆನೆಯುತ್ತಾರೆ.

ಸದಸ್ಯ ಬಾಂಧವರೇ, ಮನೆಯ ಹಿರಿಯರು ಎಲ್ಲಿಗಾದರೂ ಕರೆದೊಯ್ಯಿ ಎಂದು ಕೇಳಿದ್ದರೆ ಈಗಲೇ ಕ್ಯಾಲೆಂಡರ್ ಬಿಡಿಸಿ, ಪಕ್ಕದ ತೋಟದವರೊಡನೆ ಮಾತಾಡಿ. ಕೊಯ್ಲು ಮುಂದಿನ ವರ್ಷವೂ ಬರುತ್ತದೆ.