ಪುಟ್ಟೇನಹಳ್ಳಿಯ ಕರಿ ಹಕ್ಕಿಗಳು

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ. ಅಕ್ಟೋಬರಿನ ಒಂದು ಭಾನುವಾರ, ಬೆಳಿಗ್ಗೆ ಏಳರ ಹೊತ್ತು. ರಾತ್ರಿ ಮಳೆಗೆ ನೆಂದ ಕಲ್ಲುಬೆಂಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಒಂದಷ್ಟು ಮಂದಿ ಕೂತಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ರಾತ್ರಿ ಪಾಳಿ ಮುಗಿಸಿ ಸೀದಾ ಇಲ್ಲಿಗೇ ಬಂದ ನರ್ಸ್, ಬಿಟಿಎಂ ಲೇಔಟಿನ ಪೀಜಿಯ ಇಬ್ಬರು ಸಾಫ್ಟ್‌ವೇರ್ ಹುಡುಗರು, ಆರನೇ ಕ್ಲಾಸಿನ ಹುಡುಗಿ, ಅವಳನ್ನು ಬಿಡಲು ಬಂದು ತಾನೂ ಪೆನ್ಸಿಲ್ ಹಿಡಿದ ಅಮ್ಮ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಈ ವಾರಕ್ಕೆ ಎಲ್ಲರೂ ಒಪ್ಪಿಕೊಂಡ ಸವಾಲು ಕರಿ ಹಕ್ಕಿ. ಮಿಂಚುಳ್ಳಿ ಎದುರಿಗೇ ಬಂದು ಕೂತರೂ ಇವತ್ತು ಬರೆಯುವಂತಿಲ್ಲ.

ಅಕ್ಟೋಬರ್ ಮಸಿಯ ತಿಂಗಳು. ಅಮೆರಿಕದ ಜೇಕ್ ಪಾರ್ಕರ್ ಎಂಬ ಚಿತ್ರಕಾರ ಮಸಿಯಲ್ಲಿ ತನ್ನ ಕೈ ಪಳಗಲೆಂದು 2009ರಲ್ಲಿ ತಿಂಗಳಿಡೀ ದಿನಕ್ಕೊಂದು ಚಿತ್ರ ಬರೆಯುವ ಪಣ ತೊಟ್ಟ. ಅದೇ ಇಂಕ್‌ಟೋಬರ್ ಆಗಿ ದೇಶದೇಶಕ್ಕೆ ಹಬ್ಬಿತು. ಮುಂದೆ ದಿನಕ್ಕೊಂದು ವಸ್ತುವಿನ ಪಟ್ಟಿಯೂ ಬರತೊಡಗಿತು. 2021ರ ಪಟ್ಟಿಯಲ್ಲಿ ಅಕ್ಟೋಬರ್ 5ಕ್ಕೆ ಇದ್ದದ್ದು ‘ರೇವನ್’. ಆ ದೈತ್ಯ ಕಾಗೆ ಬೆಂಗಳೂರಿನ ಹಕ್ಕಿಯಲ್ಲ. ಕಣ್ಣಾರೆ ನೋಡಿ ಬರೆಯಬೇಕೆನ್ನುವವರಿಗೆ ಇಲ್ಲಿ ಮಹಡಿಯ ಕಟ್ಟೆಯ ಮೇಲೆ ಸಿಗುವುದು ನಮ್ಮ ಕಾಗೆಯೇ. ಮರುದಿನ, ಅಕ್ಟೋಬರ್ 6, ಮಹಾಲಯ ಅಮಾವಾಸ್ಯೆ. ಕೋವಿಡ್ ಎರಡನೇ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡ ಎಷ್ಟೋ ಕುಟುಂಬಗಳಿಗೆ ಅದು ಮೊದಲ ಪಿತೃಪಕ್ಷ. ಎಲೆಯ ಮೇಲೆ ಅನ್ನವಿಟ್ಟು, ಕಾ ಕಾ ಎಂದು ಕರೆದು, ಕಾಗೆ ಮುಟ್ಟಲಿ ಎಂದು ಕಾದವರು ಎಷ್ಟು ಮಂದಿಯೋ.

ನರ್ಸಮ್ಮನ ಹಳೆಯ ಸ್ಕೆಚ್ ಪುಸ್ತಕದಲ್ಲಿ ಆ ದಿನದ ಹಾಳೆಯಿದೆ: ಸಿಂಟೆಕ್ಸ್ ಟ್ಯಾಂಕು, ಪಕ್ಕದಲ್ಲಿ ಲೋಟದ ನೀರು, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತಿರುವ ಕಾಗೆ. ರೆಕ್ಕೆಯ ಅಳತೆ ತಪ್ಪಿದೆ, ಕಾಲು ಸೊಟ್ಟಗಿದೆ. ಆದರೆ ಆ ನೋಟ ಕಾಗೆಯದ್ದೇ. ಈ ಗುಂಪಿನ ಚಿತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಅದು.

ಕಾಗೆ ಬರೆಯುವವರಿಗೆ ಕನ್ನಡ ನಾಡಿನಲ್ಲಿ ದೊಡ್ಡ ಹಿರಿಯರೊಬ್ಬರಿದ್ದರು. 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಬಾಲ್ಯದಿಂದಲೇ ಕಾಗೆಗೆ ಮನಸೋತವರು. ಮುಂಬೈಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತ ಬೆಳೆದರು. ರಾಜಕಾರಣಿಗಳ ಮೂಗು, ಧೋತರ, ಹೊಟ್ಟೆಯ ನಡುವೆಯೂ ಕಾಗೆಯ ಮೋಹ ಅವರನ್ನು ಬಿಡಲಿಲ್ಲ; ಕಾಗೆಗಳದ್ದೇ ಪ್ರದರ್ಶನವನ್ನೂ ಮಾಡಿದರು. ಜನ ಅಪಶಕುನವೆಂದು ಮುಖ ತಿರುಗಿಸುವ ಹಕ್ಕಿಯಲ್ಲಿ ಅವರು ಚೆಲುವನ್ನೂ ಬುದ್ಧಿಯನ್ನೂ ಕಂಡರು. ಆ ಕಣ್ಣು ದೊಡ್ಡದು.

ಬೆಂಚಿನ ಮೇಲೆ ಈಗ ಮೊದಲ ತೊಡಕು ಎದುರಾಗಿದೆ. ಸಾಫ್ಟ್‌ವೇರ್ ಹುಡುಗ ಡಬ್ಬಿಯ ಕಪ್ಪನ್ನೇ ನೇರವಾಗಿ ಬಳಿದಿದ್ದಾನೆ. ಹಾಳೆಯಲ್ಲಿ ಹಕ್ಕಿಯ ಬದಲು ಹಕ್ಕಿಯ ಆಕಾರದ ತೂತು ಕಾಣುತ್ತಿದೆ. “ಕಪ್ಪು ಮುಟ್ಟಲೇಬೇಡಪ್ಪ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸು, ಗಟ್ಟಿಯಾಗಿ ಕಲಸು” ಎನ್ನುತ್ತಾರೆ ಬ್ಯಾಂಕಿನವರು. ಹುಡುಗ ಕಲಸುತ್ತಾನೆ. ಒಂದು ಕಡೆ ನೀಲಿಗೆ, ಇನ್ನೊಂದು ಕಡೆ ಕಂದಿಗೆ ತಿರುಗುವ ಕಪ್ಪು ಹುಟ್ಟುತ್ತದೆ, ಹಕ್ಕಿಗೆ ಮೈ ಬರುತ್ತದೆ. ನಿಜವಾದ ಪುಕ್ಕದಲ್ಲಿ ನಡೆಯುವುದು ಇನ್ನೂ ಸೊಗಸು. ಕಪ್ಪು ಕೊಡುವುದು ಮೆಲನಿನ್. ಅದರ ಮೇಲಿನ ತೆಳು ಕೆರಾಟಿನ್ ಪದರದಲ್ಲಿ ಬೆಳಕು ಒಡೆದು ನೀಲಿ, ನೇರಳೆ, ಹಸಿರಿನ ಹೊಳಪು ಏಳುತ್ತದೆ. ಮೆಲನಿನ್ ಪುಕ್ಕವನ್ನು ಗಟ್ಟಿಯಾಗಿಸುತ್ತದೆ ಕೂಡ. ಎಷ್ಟೋ ಬಿಳಿ ಹಕ್ಕಿಗಳಿಗೂ ಹೆಚ್ಚು ಸವೆಯುವ ರೆಕ್ಕೆಯ ತುದಿ ಮಾತ್ರ ಕಪ್ಪಾಗಿರುವುದು ಇದಕ್ಕೇ.

ಕೂತು ಕೊಡುವುದರಲ್ಲಿ ಎಲ್ಲ ಹಕ್ಕಿಗಳೂ ಒಂದೇ ಅಲ್ಲ. ನೀರುಕಾಗೆ ಪರಮ ಉಪಕಾರಿ. ಅದರ ಪುಕ್ಕ ನೀರನ್ನು ಹೀರುತ್ತದೆ. ಮುಳುಗಿ ಮೀನು ಹಿಡಿಯಲು ಅನುಕೂಲ, ಆಮೇಲೆ ಒಣಗಬೇಕಲ್ಲ! ರೆಕ್ಕೆ ಬಿಚ್ಚಿ ಕೊಂಬೆಯ ಮೇಲೆ ನಿಂತರೆ ಚಿತ್ರ ಮುಗಿಯುವಷ್ಟು ಹೊತ್ತು ಸಿಗುತ್ತದೆ. ಕಾಜಾಣ ಹಾರಿದರೂ ಹೆದರಬೇಕಿಲ್ಲ. ಹುಳ ಹಿಡಿದು ಅದೇ ತಂತಿಗೆ ಮರಳಿ, ಕವಲೊಡೆದ ಬಾಲವನ್ನು ಅದೇ ಕೋನದಲ್ಲಿ ಇಳಿಬಿಡುತ್ತದೆ. ಅಷ್ಟು ಸಣ್ಣ ಮೈಯಲ್ಲಿ ಹದ್ದನ್ನೂ ಅಟ್ಟುವ ಎದೆಗಾರಿಕೆ. ಅದನ್ನು ಗೆರೆಯಲ್ಲಿ ತರಲು ಹುಡುಗಿಯ ಅಮ್ಮ ಮತ್ತೆ ಮತ್ತೆ ಅಳಿಸುತ್ತಿದ್ದಾರೆ. ನಾಮದ ಕೋಳಿಯ ಹಣೆಯ ಬಿಳುಪನ್ನು ಬರೆಯಲಾಗದು, ಸುತ್ತ ಕಪ್ಪು ಹಾಕಿ ಕಾಗದವನ್ನು ಹಾಗೇ ಉಳಿಸಬೇಕು. ನಮ್ಮ ಹಿರಿಯರು ಹುಣಸೆಬೀಜದ ಅಂಟು, ಇದ್ದಿಲು ಸವರಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದವರು. ಕಪ್ಪಿನ ಮೇಲೆ ಬಿಳಿ ಮೂಡಿಸುವುದು ಈ ನೆಲಕ್ಕೆ ಹೊಸತಲ್ಲ.

ಈ ಕೆರೆಯೂ ಹವ್ಯಾಸಿಗಳೇ ಉಳಿಸಿಕೊಂಡದ್ದು. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಈ ಸುಮಾರು 13 ಎಕರೆಯ ಕೆರೆಯ ಬೆನ್ನಿಗೆ ನಿಲ್ಲದಿದ್ದರೆ ಇಷ್ಟು ಹಕ್ಕಿಗಳನ್ನು ಹೀಗೆ ಹತ್ತಿರದಿಂದ ನೋಡಿ ಬರೆಯುವ ಭಾಗ್ಯ ಎಲ್ಲಿತ್ತು?

ಒಂಬತ್ತಕ್ಕೆ ಹಾಳೆಗಳೆಲ್ಲ ಬೆಂಚಿನ ಮೇಲೆ ಸಾಲಾಗಿ ಬಂದವು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಕಲ್ಲು. ಆರನೇ ಕ್ಲಾಸಿನ ಹುಡುಗಿ ಬ್ಯಾಂಕಿನವರ ಕಾಗೆಯ ಮುಂದೆ ಬಗ್ಗಿ ನಿಂತಳು.

“ತಾತಾ, ಕೊಕ್ಕು ಇಷ್ಟು ದಪ್ಪ ಇದ್ರೆ ಅದು ಕಾಡುಕಾಗೆ. ಕತ್ತಿಗೆ ಯಾಕೆ ಬೂದಿ ಬಣ್ಣ ಹಾಕಿದೀರ? ಅದು ಊರುಕಾಗೆಗೆ ಅಲ್ವಾ?”

ಅವರು ಕನ್ನಡಕ ಏರಿಸಿ ಕೊಂಬೆಯತ್ತ ನೋಡಿದರು, ಹಾಳೆ ನೋಡಿದರು.

“ಹೌದಲ್ವೇ ಪುಟ್ಟೀ! ಒದ್ದೆ ಬ್ರಷ್ ಕೊಡು ಇಲ್ಲಿ, ಬಣ್ಣ ಇನ್ನೂ ಒಣಗಿಲ್ಲ.”