ಕೂದಲ ತುದಿ ನಾವೇ ಕತ್ತರಿಸೋಣ

ಹುದಿಕೇರಿಯ ಮಳೆಗಾಲದಲ್ಲಿ ತಲೆಸ್ನಾನ ಮಾಡಿದರೆ ಕೂದಲು ಬೇಗ ಒಣಗೋದಿಲ್ಲ. ನಾವು ಕೆಲಸದ ಅವಸರದಲ್ಲಿ ಒದ್ದೆ ಕೂದಲನ್ನೇ ಎಳೆದು ಬಾಚುತ್ತೇವೆ. ತುದಿ ಸೀಳುತ್ತದೆ. ಸೀಳಿದ ತುದಿ ಎಣ್ಣೆ ಹಚ್ಚಿದರೂ ಕೂಡೋದಿಲ್ಲ. ಕತ್ತರಿಸಲೇಬೇಕು. ಇದಕ್ಕಾಗಿ ಗೋಣಿಕೊಪ್ಪಲಿಗೆ ಹೋಗೋದು ಬೇಡ. ಒಂದು ದಿನದ ಕೂಲಿ ಉಳಿಯಿತಲ್ಲ!

ಮೊದಲು ಕೂದಲು ಪೂರ್ತಿ ಒಣಗಲಿ. ಒದ್ದೆ ಕೂದಲು ಉದ್ದ ಕಾಣುತ್ತದೆ. ಒಣಗಿದಾಗ ಮೇಲೆ ಸೇರುತ್ತದೆ. ಗುಂಗುರು ಕೂದಲಾದರೆ ಇನ್ನೂ ಮೇಲೆ. ಆಮೇಲೆ ಸಿಕ್ಕು ಬಿಡಿಸಿ ಎರಡು ಪಾಲು ಮಾಡೋಣ. ಹೆಗಲ ಮೇಲಿಂದ ಮುಂದಕ್ಕೆ ತಂದು, ಎರಡು ಬೆರಳ ನಡುವೆ ಹಿಡಿದು, ಅರ್ಧ ಇಂಚು ಮಾತ್ರ ಕತ್ತರಿಸೋಣ. ಮೊಂಡು ಕತ್ತರಿ ಬೇಡ. ಅದರಿಂದ ತುದಿ ಮತ್ತೆ ಸೀಳುತ್ತದೆ.

ತುದಿ ಕತ್ತರಿಸಿದರೆ ಕೂದಲು ಜೋರಾಗಿ ಬೆಳೆಯುತ್ತದೆ ಅಂತಾರೆ. ಅದು ನಿಜವಲ್ಲ. ಕೂದಲು ಬೆಳೆಯೋದು ಬುಡದಿಂದ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹೋದ ಅರ್ಧ ಇಂಚು ಒಂದೂವರೆ ತಿಂಗಳೊಳಗೆ ಬಂದೀತು.